ವಿಜಯನಗರದ ಕಾಲುವೆಗಳೂ ಒಕ್ಕಲುಮಕ್ಕಳೂ

ಹಂಪೆಯ ಹೆಸರನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಕಲ್ಲಿನ ರಥ, ವಿರೂಪಾಕ್ಷನ ಗೋಪುರ, ಪಾಳುಬಿದ್ದ ಅರಮನೆಯ ಅಡಿಪಾಯಗಳು. 1565ರ ಯುದ್ಧದ ತರುವಾಯ ಆ ರಾಜಧಾನಿ ಹಾಳಾಯಿತೆಂಬುದನ್ನು ಶಾಲೆಯ ಹುಡುಗನೂ ಬಲ್ಲನು. ಆದರೆ ಆ ಹಾಳಿನ ನಡುವೆ ಹಾಳಾಗದೆ ಉಳಿದ ವಸ್ತುವೊಂದುಂಟು, ಅದೇ ಕಾಲುವೆ. ಅರಸರ ಕಾಲದ ಅರಮನೆ ಬಿದ್ದಿತು. ಅದೇ ಕಾಲದ ಕಾಲುವೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. ಇದನ್ನು ಉಳಿಸಿದ ಬೇಸಾಯದ ಸಂಸಾರಗಳ ವಿಷಯವಾಗಿ ಈ ದಿನ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ಕಾಲುವೆಯ ಕ್ರಮವನ್ನು ತಿಳಿಯೋಣ. ತುಂಗಭದ್ರೆಯ ಪಾತ್ರದಲ್ಲಿ ಹೆಬ್ಬಂಡೆಗಳು ಹೇರಳವಾಗಿವೆ. ಹಿಂದಿನವರು ಬಂಡೆಯಿಂದ ಬಂಡೆಗೆ ಕಲ್ಲುಗಳನ್ನು ಜೋಡಿಸಿ, ತಗ್ಗಾದ ಅಣೆಗಳನ್ನು ಕಟ್ಟಿದರು. ಇಂತಹ ಅಣೆಯು ಹೊಳೆಯನ್ನು ತಡೆದು ನಿಲ್ಲಿಸುವುದಿಲ್ಲ. ನೀರಿನ ಮಟ್ಟವನ್ನು ಸ್ವಲ್ಪ ಏರಿಸಿ, ಒಂದು ಪಾಲನ್ನು ದಡದ ಕಾಲುವೆಗೆ ತಿರುಗಿಸುತ್ತದೆ. ಉಳಿದ ನೀರು ಅಣೆಯನ್ನು ದಾಟಿ ಮುಂದಿನ ಊರಿಗೆ ಹೋಗುತ್ತದೆ. ಹಂಪೆಯ ತುರುತ್ತು ಕಾಲುವೆ, ಹೊಸಪೇಟೆಯ ಕಡೆಯ ರಾಯ ಕಾಲುವೆ ಮತ್ತು ಬಸವಣ್ಣ ಕಾಲುವೆ, ಕೆಳಗಡೆ ಕಂಪ್ಲಿಯ ಕಾಲುವೆ, ಇವೆಲ್ಲವೂ ಈ ಏರ್ಪಾಡಿನಿಂದ ಹುಟ್ಟಿದವು.

ಆದರೆ ಕಾಲುವೆ ಬಂದ ಮಾತ್ರಕ್ಕೆ ಗದ್ದೆಯಾಗುವುದಿಲ್ಲ. ಕೃಷ್ಣದೇವರಾಯನು ಹೊಸಪೇಟೆಯ ಸಮೀಪದಲ್ಲಿ ಕಟ್ಟಿಸಿದ ದೊಡ್ಡ ಕೆರೆಯ ಸಂಗತಿಯನ್ನು ಪೋರ್ಚುಗೀಸ್ ಪ್ರವಾಸಿ ನೂನಿಜನು ಬರೆದಿಟ್ಟಿದ್ದಾನೆ. ಆ ನೀರಿನ ಕೆಳಗಿನ ಭೂಮಿಯನ್ನು ಜನರು ಹದಮಾಡಿಕೊಳ್ಳುವ ತನಕ, ಒಂಬತ್ತು ವರ್ಷ ಅದನ್ನು ಅವರಿಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟನೆಂದು ಅವನ ಹೇಳಿಕೆ. ಒಂಬತ್ತು ವರ್ಷವೇಕೆ? ಕಲ್ಲುನೆಲವನ್ನು ಸಮಮಾಡಬೇಕು, ಬದು ಹಾಕಬೇಕು, ಮಡಿಯಿಂದ ಮಡಿಗೆ ನೀರು ಇಳಿಯುವಂತೆ ಇಳಿಜಾರನ್ನು ತಿದ್ದಬೇಕು, ಗೊಬ್ಬರವನ್ನೂ ಕೆರೆಯ ಗೋಡನ್ನೂ ಹೊತ್ತು ಹಾಕಬೇಕು. ಇದು ಒಂದು ಮಳೆಗಾಲದ ಕೆಲಸವಲ್ಲ. ತಂದೆ ಆರಂಭಿಸಿದುದನ್ನು ಮಗನು ಮುಗಿಸುವನು. ಆದುದರಿಂದಲೇ ಮಾಗಾಣಿಯ ಬೇಸಾಯವು ಒಬ್ಬನ ಕಸುಬಾಗದೆ ಮನೆತನದ ಕಸುಬಾಯಿತು.

ಆ ಮನೆಯ ವರ್ಷವನ್ನು ನೋಡಿರಿ. ಕಾಲುವೆಯ ಹೂಳು ತೆಗೆಯುವುದು, ಸಸಿಮಡಿ ಮಾಡುವುದು, ಕೆಸರು ತುಳಿಯುವುದು, ಬೆನ್ನು ಬಗ್ಗಿಸಿ ನಾಟಿ ಹಾಕುವುದು, ಕಳೆ ಕೀಳುವುದು. ನಾಟಿಯೂ ಕಳೆಯೂ ಬಹುಮಟ್ಟಿಗೆ ಹೆಂಗಸರ ದುಡಿಮೆ. ಕಾಗದಪತ್ರದಲ್ಲಿ ಹೆಸರಿರುವುದು ಮಾತ್ರ ಸಾಮಾನ್ಯವಾಗಿ ಗಂಡಸಿನದು. ಇದಲ್ಲದೆ, ತೂಬಿನ ಬಳಿ ಇರುವವನು ತನ್ನ ಪಾಲಿಗಿಂತ ಹೆಚ್ಚು ನೀರನ್ನು ಬಿಟ್ಟುಕೊಂಡರೆ ಕಾಲುವೆಯ ಕೊನೆಯಲ್ಲಿರುವವನ ಪೈರು ಒಣಗುತ್ತದೆ. ಆದಕಾರಣ ಒಳ್ಳೆಯ ಬೇಸಾಯಗಾರನೆಂದರೆ ಹೆಚ್ಚು ಬೆಳೆದವನು ಮಾತ್ರವಲ್ಲ. ತನ್ನ ಸರದಿ ಮುಗಿದೊಡನೆ ಮಡೆಯನ್ನು ಮುಚ್ಚುವವನು.

ಕಾಲ ಬದಲಾಯಿತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. 1521ರಲ್ಲಿ ಕಟ್ಟಿದ ವಲ್ಲಭಾಪುರದ ಅಣೆಯು ಅದರ ಹಿನ್ನೀರಿನಲ್ಲಿ ಮುಳುಗಿತು. ರಾಯ, ಬಸವಣ್ಣ ಕಾಲುವೆಗಳಿಗೆ ಜಲಾಶಯದಿಂದಲೇ ನೀರು ದೊರೆಯಿತು. ಮೊದಲು 133 ಟಿ.ಎಂ.ಸಿ.ಯಷ್ಟಿದ್ದ ಜಲಾಶಯದ ಸಾಮರ್ಥ್ಯವು ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಬಾಗಿಲು ಕೊಚ್ಚಿಹೋದಾಗ, ತುಂಬಿದ ನೀರು ಹೊಳೆಯ ಪಾಲಾಗುವುದನ್ನು ಕಂಡು ಲಕ್ಷಾಂತರ ಮನೆಗಳು ಕಳವಳಗೊಂಡುವು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸಿ ಉಳಿದ ನೀರನ್ನು ಕಾಪಾಡಿದರು.

ಇತ್ತ ಸಂಡೂರಿನ ಬೆಟ್ಟಗಳ ನಡುವಿನ ರೈತನಿಗೆ ಇಂತಹ ಹೊಳೆಗಾಲುವೆಯ ಭಾಗ್ಯವೂ ಇಲ್ಲ. ಅವನು ಮಳೆಯನ್ನೂ ಕೆರೆಯನ್ನೂ ನಂಬಿದವನು. ಕಬ್ಬಿಣದ ಅದಿರಿನ ಭರಾಟೆಯ ವರ್ಷಗಳಲ್ಲಿ ಅವನ ಪೈರಿನ ಮೇಲೆ ಕೆಂಧೂಳು ಕವಿಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಕಟ್ಟುಪಾಡುಗಳೊಡನೆ ಅದು ಪುನಃ ನಡೆಯಿತು. ಬೆಟ್ಟದ ಮಣ್ಣು ಕೊಚ್ಚಿ ಬಂದರೆ ಕೆರೆಯಲ್ಲಿ ಹೂಳು. ಕೆರೆಯಲ್ಲಿ ಹೂಳು ತುಂಬಿದರೆ ಕೆಳಗಿನ ಹೊಲಕ್ಕೆ ನೀರಿಲ್ಲ. ಗಣಿಗೂ ಗದ್ದೆಗೂ ಇರುವ ನಂಟು ಇದೇ.

ಹಂಪೆಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನೋಡಲು ಬರುವವರು ಕಲ್ಲನ್ನು ನೋಡಿ ಹೋಗುತ್ತಾರೆ. ಆ ಕಲ್ಲುಗಳ ನಡುವಿನ ಬಾಳೆಯ ತೋಟವೂ ಭತ್ತದ ಗದ್ದೆಯೂ ಪರಂಪರೆಯೇ ಎಂಬುದು ಅನೇಕರಿಗೆ ಹೊಳೆಯದು. ಶಿಲ್ಪವನ್ನು ಕಾವಲಿಟ್ಟು ಕಾಯಬಹುದು. ಗದ್ದೆಯಾದರೋ ಬೇಸಾಯ ನಿಂತ ಕೆಲವೇ ವರ್ಷಗಳಲ್ಲಿ ಮುಳ್ಳುಕಂಟಿಯಾಗುವುದು. ಬೇಸಾಯಗಾರನು ಬಿಟ್ಟುಹೋಗುವ ಆಸ್ತಿ ಬರಿಯ ಎಕರೆಗಳ ಲೆಕ್ಕವಲ್ಲ; ಸಮವಾದ ಮಡಿ, ಹೂಳಿಲ್ಲದ ಕಾಲುವೆ, ನೀರಿನ ಸರದಿಯನ್ನು ಮೀರದ ನಡತೆ, ಇವುಗಳೇ ಆ ಆಸ್ತಿ. ಅದನ್ನು ವಹಿಸಿಕೊಳ್ಳುವ ಮಗನೋ ಮಗಳೋ ಊರಿನಲ್ಲಿ ನಿಲ್ಲಬೇಕಾದರೆ, ಬೆಳೆಗೆ ತಕ್ಕ ಬೆಲೆಯೂ ಕಾಲುವೆಯ ತುದಿಯವರೆಗೆ ನೀರೂ ದೊರೆಯಬೇಕು. ಪಟ್ಟಣದಲ್ಲಿ ಅನ್ನವನ್ನುಣ್ಣುವ ನಮಗೂ ಇದರಲ್ಲಿ ಹೊಣೆಯುಂಟೆಂಬುದನ್ನು ಶ್ರೋತೃಗಳು ಮನಸ್ಸಿಗೆ ತಂದುಕೊಳ್ಳಬೇಕೆಂದು ಕೋರುತ್ತೇವೆ.