ಹೆಬ್ಬಾರರ ಗೆರೆ

ಮೂಗಿನ ಸುತ್ತ ಗೆರೆ ಇರುವ ಮನುಷ್ಯ ಎಲ್ಲೂ ಸಿಗುವುದಿಲ್ಲ. ಮೂಗು, ಪಕ್ಕದಲ್ಲಿ ಕೆನ್ನೆ, ನಡುವೆ ಬೆಳಕು ತುಸು ತಗ್ಗಿದ ಜಾಗ, ಇಷ್ಟೇ ಕಣ್ಣಿಗೆ ಬೀಳುವುದು. ಇದು ಇಲ್ಲಿಗೆ ಮುಗಿಯಿತು ಎಂದು ಗೆರೆ ಎಳೆದು ತೀರ್ಮಾನ ಕೊಡುವವನು ಚಿತ್ರಕಾರ. ಕಲಿಯುವವರೆಲ್ಲ ಮೊದಲು ಎಳೆಯುವುದು ಈ ಅಂಚಿನ ಗೆರೆಯನ್ನೇ. ಬಹಳ ಮಂದಿ ಅಲ್ಲೇ ನಿಂತೂಬಿಡುತ್ತಾರೆ.

ಅದರಾಚೆಗೆ ಗೆರೆ ಏನೆಲ್ಲ ಮಾಡಬಲ್ಲದು ಎಂದು ತಿಳಿಯಲು ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ನೋಡಬೇಕು. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಮುಂದೆ ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿದವರು. ವರ್ಣಚಿತ್ರಗಳಿಂದಲೇ ಹೆಸರಾದರೂ, ನನ್ನ ಕಣ್ಣಿಗೆ ಅವರ ಗೆರೆ ಬಣ್ಣಕ್ಕಿಂತ ಒಂದು ಕೈ ಮೇಲು. ‘ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಅವರ ರೇಖಾಚಿತ್ರಗಳ ಪುಸ್ತಕವೇ ಇದೆ.

ಅವರ ನರ್ತಕಿಯ ಮೈಯ ಅಂಚನ್ನು ಹುಡುಕಿದರೆ ಪೂರ್ತಿ ಸಿಗದು. ಭುಜದಿಂದ ಹೊರಟ ಗೆರೆ ಸೊಂಟದ ಬಳಿ ಬಳುಕಿ, ಲಂಗದ ಸುತ್ತಿನೊಳಗೆ ಸೇರಿಹೋಗುತ್ತದೆ. ಗೆರೆ ಹಿಡಿದಿರುವುದು ಮೈಯನ್ನಲ್ಲ, ಮೈ ತಿರುಗಿದ ದಾರಿಯನ್ನು. ಇದು ಸುಮ್ಮನೆ ಬಂದದ್ದಲ್ಲ. ಲಯ ತಿಳಿಯಲೆಂದು ಹೆಬ್ಬಾರರು ಸ್ವತಃ ಕಥಕ್ ಕಲಿತಿದ್ದರು.

ಶಾಯಿಯ ಗೆರೆಗೆ ಮುಚ್ಚುಮರೆಯಿಲ್ಲ. ಕುಂಚ ಒತ್ತಿದಲ್ಲಿ ದಪ್ಪ, ಹಗುರಾದಲ್ಲಿ ಸಣ್ಣ. ದಪ್ಪಗಾದ ಕಡೆ ಭಾರವೋ ನೆರಳೋ ಇದೆ ಎಂದು ಕಣ್ಣು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಗೆರೆ ಕಡಿದಲ್ಲಿ ಬೆಳಕು ಬಿದ್ದಂತೆ ಕಾಣುತ್ತದೆ, ಉಳಿದದ್ದನ್ನು ನೋಡುವವನೇ ಜೋಡಿಸಿಕೊಳ್ಳುತ್ತಾನೆ. ಎಲ್ಲಿ ಬಿಡಬೇಕು ಎಂಬುದು ಎಲ್ಲಿ ಎಳೆಯಬೇಕು ಎಂಬುದಕ್ಕಿಂತ ಕಷ್ಟದ ವಿದ್ಯೆ. ವೇಗದ ಗುಟ್ಟೂ ಅಡಗದು: ಅನುಮಾನಿಸುತ್ತ ಎಳೆದ ಗೆರೆ ನಡುಗುತ್ತದೆ, ತಡೆದು ನಿಂತಲ್ಲಿ ಶಾಯಿ ಹರಡಿಕೊಳ್ಳುತ್ತದೆ. ಬೆರಳಷ್ಟೇ ಆಡಿದರೆ ಗೆರೆ ಗಿಡ್ಡವಾಗಿ ತುಂಡು ತುಂಡಾಗುತ್ತದೆ. ನೀಳವಾಗಿ ಒಂದೇ ಉಸಿರಿಗೆ ಬರಬೇಕಾದರೆ ಮೊಣಕೈ, ಭುಜ ಎರಡೂ ಸಡಿಲಾಗಿ ತಿರುಗಬೇಕು. (ಪೆನ್ಸಿಲನ್ನು ತುದಿಯಲ್ಲೇ ಬಿಗಿಯಾಗಿ ಹಿಡಿಯಬೇಡ ಎಂದು ಡ್ರಾಯಿಂಗ್ ಮೇಷ್ಟ್ರುಗಳು ಗದರುವುದು ಇದಕ್ಕೇ.)

ಹೆಬ್ಬಾರರ ಒಂದು ಚಿತ್ರವನ್ನು ನಕಲು ಮಾಡಿ ನೋಡಿ. ಅಳತೆ ಸರಿ ಬಂದರೂ ನರ್ತಕಿ ನಿಂತುಬಿಟ್ಟಿರುತ್ತಾಳೆ, ಏಕೆಂದರೆ ನಕಲು ಮಾಡುವ ಕೈ ಪ್ರತಿ ಬಾಗಿಗೂ ಮೂಲವನ್ನು ಕೇಳಿಕೊಂಡು ಮುಂದೆ ಹೋಗುತ್ತದೆ. ಅದೇ ಭಂಗಿಯನ್ನು ನಾಲ್ಕಾರು ಸಲ ನೋಡಿ, ಪುಸ್ತಕ ಮುಚ್ಚಿ, ನೆನಪಿನಿಂದ ಒಂದೇ ಓಟಕ್ಕೆ ಎಳೆದರೆ ಅಳತೆ ತಪ್ಪೀತು, ಲಂಗ ಮಾತ್ರ ತಿರುಗೀತು.