ದೂರದ ಸೈಕಲ್ ಸವಾರಿ: ಬಿಡುವಿನ ವಾರವೂ ಅಭ್ಯಾಸವೇ

ಗುಂಡ್ಲುಪೇಟೆಯಲ್ಲಿರುವ ಒಬ್ಬ ಉಪಾಧ್ಯಾಯರನ್ನು ಕಲ್ಪಿಸಿಕೊಳ್ಳಿ. ವಯಸ್ಸು 42. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ತನಗೂ ಬಂದೀತೆಂಬ ಭಯದಿಂದ ಸೈಕಲ್ ಹಿಡಿದರು. ಮೊದಲು ಊರಿನ ಸುತ್ತ ಐದಾರು ಕಿಲೋಮೀಟರ್. ಆಮೇಲೆ ತೆರಕಣಾಂಬಿಯವರೆಗೆ. ಕೆಲವು ತಿಂಗಳಲ್ಲಿ ಭಾನುವಾರ ಬೆಳಿಗ್ಗೆ ಚಾಮರಾಜನಗರಕ್ಕೆ ಹೋಗಿ ಬರುವಷ್ಟು ಕಸುವು ಬಂತು. ಹೋಗಿ ಬಂದರೆ ಸುಮಾರು 70 ಕಿ.ಮೀ. ಹೊಟ್ಟೆ ಕರಗಿತು, ನಿದ್ದೆ ಚೆನ್ನಾಗಿ ಬರತೊಡಗಿತು, ಮನೆಯವರಿಗೂ ಸಂತೋಷವಾಯಿತು.

ಅಷ್ಟರಲ್ಲಿ ಯಾರೋ ಗೆಳೆಯರು ‘ಬ್ರೆವೆ’ ಸವಾರಿಯ ವಿಷಯ ಹೇಳಿದರು. ಇದು ಓಟದ ಪಂದ್ಯವಲ್ಲ, ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸುವ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿ 1,200 ಕಿ.ಮೀ.ಗಳದು. ಭಾರತದಿಂದಲೂ ಜನ ಹೋಗಿ ಬರುತ್ತಾರೆ. ನಮ್ಮ ಉಪಾಧ್ಯಾಯರಿಗೆ 200 ಕಿ.ಮೀ. ಮುಗಿಸುವ ಆಸೆ ಹುಟ್ಟಿತು. ವಾರ ವಾರವೂ ದೂರ ಹೆಚ್ಚಿಸುತ್ತಾ ಹೋದರು. ಒಂದು ವಾರವೂ ಬಿಡುವಿಲ್ಲ.

ಎಂಟನೆಯ ವಾರಕ್ಕೆ ಲೆಕ್ಕ ತಪ್ಪಿತು. ಸಲೀಸಾಗಿ ಹತ್ತುತ್ತಿದ್ದ ಏರಿನಲ್ಲಿ ತೊಡೆ ಕಲ್ಲಾಗುತ್ತಿತ್ತು. ರಾತ್ರಿ ಎರಡಕ್ಕೇ ಎಚ್ಚರ. ಊಟ ರುಚಿಸದು. ಮನೆಯಲ್ಲಿ ಮಕ್ಕಳ ಮೇಲೆ ಸಣ್ಣಪುಟ್ಟದ್ದಕ್ಕೂ ರೇಗಾಟ. ಅವರು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಇನ್ನಷ್ಟು ಸೈಕಲ್ ತುಳಿಯುವುದು! ಕೊನೆಗೆ ಅವರ ತಾಯಿಯೇ ಹೇಳಿದರು: “ಎತ್ಗೂ ಸೋಮ್ವಾರ ನೊಗ ಕಟ್ಟಲ್ಲ ಕನಪ್ಪ, ನಿಂಗ್ಯಾಕೆ ಈ ದುಡಿತ?”

ಈ ಉಪಾಧ್ಯಾಯರು ಕಾಲ್ಪನಿಕ. ಆದರೆ ಸೈಕಲ್ ಸವಾರಿಯನ್ನು ಹೊಸದಾಗಿ ಹಚ್ಚಿಕೊಂಡ ಅನೇಕರು ಮಾಡುವ ತಪ್ಪು ಇದೇ. ಆ ತಾಯಿ ಹೇಳಿದ ಮಾತಿನಲ್ಲಿ ಕ್ರೀಡಾ ವೈದ್ಯಶಾಸ್ತ್ರದ ಒಂದು ಮುಖ್ಯ ಪಾಠವೇ ಅಡಗಿದೆ.

ಶಕ್ತಿ ಬೆಳೆಯುವುದು ಯಾವಾಗ?

ಸೈಕಲ್ ತುಳಿಯುವಾಗ ಶಕ್ತಿ ಬೆಳೆಯುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ನಿಜವಾಗಿ ಆಗುವುದು ಬೇರೆ. ತುಳಿಯುವಾಗ ದೇಹ ಸವೆಯುತ್ತದೆ. ಮಾಂಸಖಂಡದ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗಾಯಗಳಾಗುತ್ತವೆ. ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಸಕ್ಕರೆಯ ದಾಸ್ತಾನು ಇರುತ್ತದೆ. ದೀರ್ಘ ಸವಾರಿಯಲ್ಲಿ ಇದು ಬಹುಪಾಲು ಖರ್ಚಾಗಿಬಿಡುತ್ತದೆ.

ಗಾಯ ಮಾಯುವುದು, ದಾಸ್ತಾನು ತುಂಬುವುದು ವಿಶ್ರಾಂತಿಯಲ್ಲಿ. ಚೆನ್ನಾಗಿ ಉಂಡರೆ ಗ್ಲೈಕೋಜನ್ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಸ್ನಾಯು, ಮೂಳೆ ಸಂದುಗಳು, ನರಗಳು ಮತ್ತು ಹಾರ್ಮೋನುಗಳ ಸಮತೋಲನ ಹದಕ್ಕೆ ಬರಲು ಇನ್ನೂ ಹೆಚ್ಚು ಕಾಲ ಬೇಕು. ಬಿಡುವು ಸಿಕ್ಕರೆ ದೇಹ ಮೊದಲಿಗಿಂತ ತುಸು ಗಟ್ಟಿಯಾಗಿ ತನ್ನನ್ನು ಕಟ್ಟಿಕೊಳ್ಳುತ್ತದೆ. ಸಿಗದಿದ್ದರೆ ಹಳೆಯ ಗಾಯದ ಮೇಲೆ ಹೊಸ ಬರೆ.

ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಒಂದು ವಿಷಯ ತಿಳಿಸಿದರು. ಒತ್ತಡಕ್ಕೆ ಸಿಕ್ಕ ದೇಹ ಮೊದಲು ಬೆಚ್ಚುತ್ತದೆ, ಆಮೇಲೆ ಎದುರಿಸಿ ಹೊಂದಿಕೊಳ್ಳುತ್ತದೆ, ಒತ್ತಡ ಬಿಡುವಿಲ್ಲದೆ ಮುಂದುವರಿದರೆ ಕೊನೆಗೆ ಕುಸಿಯುತ್ತದೆ. ಕ್ರೀಡಾಪಟುಗಳ ತರಬೇತುದಾರರು ಈ ತತ್ತ್ವವನ್ನು ತಮ್ಮದಾಗಿಸಿಕೊಂಡರು. ಎರಡನೆಯ ಹಂತದಲ್ಲೇ ಬಿಡುವು ಕೊಟ್ಟು, ಮೂರನೆಯ ಹಂತಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಅಭ್ಯಾಸದ ಗುಟ್ಟು.

ಎಷ್ಟು ವಾರಕ್ಕೊಮ್ಮೆ?

ಸಾಮಾನ್ಯವಾಗಿ ಮೂರು ವಾರ ದುಡಿತ, ನಾಲ್ಕನೆಯ ವಾರ ಬಿಡುವು. ನಲವತ್ತು ದಾಟಿದವರಿಗೆ, ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಎಳೆಗೂಸಿನಿಂದಾಗಿ ನಿದ್ದೆಗೆಡುವವರಿಗೆ ಎರಡು ವಾರ ದುಡಿತ, ಒಂದು ವಾರ ಬಿಡುವು ಎಂಬ ಲೆಕ್ಕ ಹೆಚ್ಚು ಹೊಂದುತ್ತದೆ.

ಬಿಡುವಿನ ವಾರವೆಂದರೆ ಏಳು ದಿನವೂ ಮಲಗಿರುವುದಲ್ಲ. ದೂರವನ್ನು ಸುಮಾರು ಅರ್ಧಕ್ಕೆ ಇಳಿಸಿ, ಸೈಕಲ್ಲನ್ನು ಹಗುರವಾಗಿ ತುಳಿಯುವುದು. ಮೂರು ವಾರಗಳಲ್ಲಿ 120, 135, 150 ಕಿ.ಮೀ. ತುಳಿದವರು ನಾಲ್ಕನೆಯ ವಾರ 65ಕ್ಕೆ ಇಳಿಸಬಹುದು. ಒಂದು ಮಾದರಿ ಹೀಗಿದೆ:

ಸೋಮವಾರ: ಪೂರ್ತಿ ವಿಶ್ರಾಂತಿ.
ಮಂಗಳವಾರ: ಅರ್ಧ ಗಂಟೆ ನಡಿಗೆ.
ಬುಧವಾರ: ಸಮತಟ್ಟಾದ ದಾರಿಯಲ್ಲಿ 20 ಕಿ.ಮೀ. ಪಕ್ಕದವರೊಡನೆ ಸರಾಗವಾಗಿ ಮಾತನಾಡುವಷ್ಟು ನಿಧಾನ.
ಗುರುವಾರ: ವಿಶ್ರಾಂತಿ.
ಶುಕ್ರವಾರ: 20 ಕಿ.ಮೀ. ನಡುವೆ ಮೂರು ನಾಲ್ಕು ಬಾರಿ ಒಂದೊಂದು ನಿಮಿಷ ಚುರುಕಾಗಿ ತುಳಿದರೆ ಕಾಲು ಚುರುಕು ಮರೆಯುವುದಿಲ್ಲ.
ಶನಿವಾರ: ವಿಶ್ರಾಂತಿ. ಚೈನು ಒರೆಸಿ ಎಣ್ಣೆ ಬಿಡಿ, ಬ್ರೇಕು, ಟೈರು ನೋಡಿ.
ಭಾನುವಾರ: ಗುಂಡ್ಲುಪೇಟೆಯವರು ಚಾಮರಾಜನಗರದವರೆಗೆ ಹೋಗದೆ ತೆರಕಣಾಂಬಿಯಿಂದಲೇ ಹಿಂತಿರುಗಲಿ. ಮನೆಯವರನ್ನೂ ಜತೆಗೆ ಕರೆದೊಯ್ಯಲು ಇದೇ ಒಳ್ಳೆಯ ದಿನ.

ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು ಈ ಮೂರನ್ನೂ ಸುತ್ತಿದರೆ ನೂರು ಕಿ.ಮೀ. ದಾಟುತ್ತದೆ. ಇಂಥ ದೊಡ್ಡ ಸುತ್ತನ್ನು ಬಿಡುವು ಮುಗಿದ ಮೇಲೆ ಇಟ್ಟುಕೊಳ್ಳಿ.

ಗಳಿಸಿದ ಶಕ್ತಿ ಕರಗುವುದಿಲ್ಲವೇ?

ಬಹಳ ಜನರನ್ನು ಕಾಡುವ ಭಯ ಇದು. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಪಳಗಿದ ಏಳು ಮಂದಿ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದರು. ಮೊದಲ 21 ದಿನಗಳಲ್ಲಿ ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಕಡಿಮೆಯಾದದ್ದು ಶೇಕಡ 7ರಷ್ಟು. ಮೂರು ವಾರ ಏನೂ ಮಾಡದಿದ್ದವರ ನಷ್ಟ ಇಷ್ಟು. ಹಗುರವಾಗಿ ತುಳಿಯುತ್ತಲೇ ಇರುವವರಿಗೆ ಒಂದು ವಾರದಲ್ಲಿ ಹೇಳಿಕೊಳ್ಳುವಂಥ ನಷ್ಟವಾಗುವುದಿಲ್ಲ.

ಪಂದ್ಯಕ್ಕೆ ಮೊದಲಿನ ಎರಡು ವಾರಗಳಲ್ಲಿ ಅಭ್ಯಾಸದ ಪ್ರಮಾಣವನ್ನು ಶೇಕಡ 40ರಿಂದ 60ರಷ್ಟು ತಗ್ಗಿಸಿದವರ ಸಾಧನೆ ಉತ್ತಮಗೊಳ್ಳುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು 2007ರಲ್ಲಿ ತೋರಿಸಿದರು. ಟೂರ್ ಡಿ ಫ್ರಾನ್ಸ್‌ನಂಥ ಘಟಾನುಘಟಿಗಳ ಸ್ಪರ್ಧೆಯಲ್ಲೂ 21 ಹಂತಗಳ ನಡುವೆ ಎರಡು ದಿನ ವಿಶ್ರಾಂತಿ ಉಂಟು. ಅಂದೂ ಅವರು ಒಂದೆರಡು ಗಂಟೆ ಹಗುರವಾಗಿ ಸೈಕಲ್ ತುಳಿಯುತ್ತಾರೆ.

ದೇಹ ಹೇಳುವ ಗುರುತುಗಳು

ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆ ಬಿಡುವ ಮುನ್ನ, ಮಣಿಕಟ್ಟಿನ ನಾಡಿ ಹಿಡಿದು ಒಂದು ನಿಮಿಷ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೆಲವು ವಾರಗಳಲ್ಲಿ ನಿಮ್ಮ ಸಾಮಾನ್ಯ ಲೆಕ್ಕ ತಿಳಿಯುತ್ತದೆ. ಸಾಮಾನ್ಯವಾಗಿ 60 ಇರುವ ನಾಡಿ ಮೂರು ನಾಲ್ಕು ದಿನ ಸತತವಾಗಿ 68, 70 ತೋರಿಸಿದರೆ ದಣಿವು ಉಳಿದಿದೆ ಅಥವಾ ಜ್ವರ ಬರಲಿದೆ ಎಂದು ಊಹಿಸಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯನ್ನು ನಿಧಾನಗೊಳಿಸುವುದರಿಂದ ಅವನ್ನು ನುಂಗುವವರು ಈ ಲೆಕ್ಕವೊಂದನ್ನೇ ನಂಬಬಾರದು.

ನಿದ್ರಾಭಂಗ, ಹಸಿವಿಲ್ಲದಿರುವುದು, ಮುಂಗೋಪ, ಪದೇ ಪದೇ ನೆಗಡಿ, ಮೊದಲಿನಷ್ಟೇ ವೇಗಕ್ಕೆ ಹೆಚ್ಚು ಏದುಸಿರು, ಸೈಕಲ್ ಕಂಡರೇ ಬೇಸರ ಇವೂ ಗುರುತುಗಳೇ. ಇವನ್ನು ಸವಾರನಿಗಿಂತ ಮೊದಲು ಗಮನಿಸುವವರು ಮನೆಯವರು. ಅವರ ಮಾತಿಗೆ ಕಿವಿಗೊಡಿ. ಅತಿ ಅಭ್ಯಾಸದ ಬಳಲಿಕೆ ಆರಂಭದಲ್ಲಿ ಒಂದೆರಡು ವಾರದ ವಿಶ್ರಾಂತಿಗೆ ಮಣಿಯುತ್ತದೆ. ಕಡೆಗಣಿಸಿದರೆ ಚೇತರಿಕೆಗೆ ತಿಂಗಳುಗಳೇ ಬೇಕಾಗಬಹುದು.

ಇನ್ನೊಂದು ಅಪಾಯವೂ ಇದೆ. ಗುಂಡ್ಲುಪೇಟೆ ಊಟಿಯ ಕಡೆಗೂ ಕೇರಳದ ಕಡೆಗೂ ಹೆದ್ದಾರಿಗಳು ಕವಲೊಡೆಯುವ ಊರು. ಲಾರಿ, ಬಸ್ಸುಗಳ ಓಡಾಟ ಹೆಚ್ಚು. ದಣಿದ ಸವಾರನ ಗಮನ ಮಂಕಾಗುತ್ತದೆ, ಬ್ರೇಕಿನ ಮೇಲೆ ಕೈ ತಡವಾಗಿ ಹೋಗುತ್ತದೆ. ಹೆದ್ದಾರಿಯಲ್ಲಿ ಒಂದು ಕ್ಷಣದ ತಡವೂ ದುಬಾರಿ.

ಊಟ, ನಿದ್ದೆ

ಬಿಡುವಿನ ವಾರ ಉಪವಾಸದ ವಾರವಲ್ಲ. “ಈ ವಾರ ತುಳಿಯಲಿಲ್ಲ, ಊಟ ಬಿಡುತ್ತೇನೆ” ಎನ್ನುವುದು ತಪ್ಪು. ದೇಹದ ರಿಪೇರಿಗೆ ಸಾಮಾನು ಬೇಡವೇ? ನಮ್ಮ ಭಾಗದ ಮುದ್ದೆ, ಹುರುಳಿಕಾಳಿನ ಸಾರು, ಅವರೆಕಾಳು, ಸೊಪ್ಪಿನ ಬಸ್ಸಾರು, ಮಜ್ಜಿಗೆ, ಬಾಳೆಹಣ್ಣು ಇವೇ ಸಾಕು. ತಿನ್ನುವವರಿಗೆ ಮೊಟ್ಟೆ, ಮೀನು ಒಳ್ಳೆಯದು. ದುಬಾರಿ ಪುಡಿಗಳ ಡಬ್ಬಿ ಅಗತ್ಯವಿಲ್ಲ. ರಾತ್ರಿ ಏಳೆಂಟು ಗಂಟೆ ನಿದ್ದೆ ಮಾತ್ರ ಬೇಕೇ ಬೇಕು. ಮುಂಜಾನೆ ನಾಲ್ಕೂವರೆಗೆ ಎದ್ದು ಸೈಕಲ್ ಹತ್ತುವವರು ರಾತ್ರಿ ಹನ್ನೊಂದರವರೆಗೆ ಟಿ.ವಿ., ಮೊಬೈಲು ನೋಡುತ್ತಾ ಕುಳಿತರೆ ಯಾವ ಅಭ್ಯಾಸವೂ ಕೈಹಿಡಿಯದು.

ಹೆಣ್ಣುಮಕ್ಕಳು ವಿಶೇಷವಾಗಿ ಗಮನಿಸಬೇಕು. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಯೂ ಹೀಗೆಯೇ ಸುಸ್ತು, ಏದುಸಿರು ತರುತ್ತದೆ. ವಿಶ್ರಾಂತಿಯಿಂದಲೂ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಚ್ಚು ಅಭ್ಯಾಸ, ಕಡಿಮೆ ಊಟದಿಂದ ಮುಟ್ಟು ತಪ್ಪುವುದೂ ಉಂಟು. ಅದನ್ನು ಅಲಕ್ಷಿಸಿದರೆ ಮೂಳೆಗಳು ದುರ್ಬಲವಾಗುತ್ತವೆ.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆನೋವು, ಎದೆ ಹಿಡಿದಂತಾಗುವುದು, ತಲೆಸುತ್ತಿ ಬೀಳುವುದು, ಹೃದಯದ ಬಡಿತ ತಪ್ಪಿದಂತೆ ಅನ್ನಿಸುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತೀವ್ರ ಸವಾರಿಯ ನಂತರ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೂ ತಡಮಾಡಬಾರದು. ಜ್ವರವಿದ್ದಾಗ ಸೈಕಲ್ ತುಳಿಯಬೇಡಿ, ಸೋಂಕು ಹೃದಯದ ಸ್ನಾಯುವಿಗೆ ತಗುಲಿದ್ದರೆ ಶ್ರಮ ಅಪಾಯ ತರಬಲ್ಲದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸವಾರಿ ಹೆಚ್ಚಿಸುವಾಗಲೂ ತಗ್ಗಿಸುವಾಗಲೂ ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಮಂಡಿಯ ಮುಂಭಾಗದ ನೋವಿಗೆ ಅನೇಕ ವೇಳೆ ಸೀಟು ತಗ್ಗಾಗಿರುವುದೇ ಕಾರಣ. ಸರಿಪಡಿಸಿ, ಬಿಡುವು ಕೊಟ್ಟ ಮೇಲೂ ಉಳಿದರೆ ತೋರಿಸಿ.

ಶಾಲೆಗೆ, ಜಮೀನಿಗೆ, ಕಚೇರಿಗೆ ದಿನಾ ನಾಲ್ಕೈದು ಕಿ.ಮೀ. ಸೈಕಲ್ ತುಳಿಯುವವರಿಗೆ ಈ ಲೆಕ್ಕಾಚಾರ ಬೇಕಿಲ್ಲ. ಅದು ದೇಹಕ್ಕೆ ಒಗ್ಗಿದ ಕೆಲಸ. ಬಿಡುವಿನ ವಾರ ಬೇಕಾಗಿರುವುದು ದೂರವನ್ನು ಹೆಚ್ಚಿಸುತ್ತಾ ಹೋಗುವವರಿಗೆ.

ಹಳೆಯ ಮೈಸೂರು ಭಾಗದ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಬಸವನ ದಿನ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎಷ್ಟೇ ಉಳುಮೆ ಬಾಕಿಯಿದ್ದರೂ ರೈತ ಅದನ್ನು ಸೋಮಾರಿತನ ಎನ್ನುವುದಿಲ್ಲ, ಮಂಗಳವಾರದ ಉಳುಮೆಗೆ ಎತ್ತು ಬೇಕೆಂಬುದು ಅವನಿಗೆ ಗೊತ್ತು. ಮುಂದಿನ ಬಿಡುವಿನ ವಾರ ಬಂದಾಗ ನೀವೂ ಸೈಕಲ್ಲನ್ನು ಗೋಡೆಗೆ ಒರಗಿಸಿ, ಮನಸ್ಸಿನಲ್ಲಿ ಅಳುಕಿಲ್ಲದೆ ನಿದ್ದೆ ಮಾಡಿ.