ಹಕ್ಕಿ ಹಾರಿಹೋದರೂ ಹಾಡು ಉಳಿಯಲಿ

ದುಂಡಸಿಯ ಸೀಮೆಯಲ್ಲಿ ಶಿಶುನಾಳ ಷರೀಫರ ಪದ ಕೇಳದ ಕಿವಿ ಇಲ್ಲ. ಇದೇ ಶಿಗ್ಗಾವಿ ತಾಲ್ಲೂಕಿನಲ್ಲಿ ಬಾಳಿ 1889ರಲ್ಲಿ ಕಣ್ಮುಚ್ಚಿದ ಷರೀಫರ ತತ್ವಪದಗಳು ಬಾಯಿಂದ ಬಾಯಿಗೆ ಸಾಗಿ ಬಂದವು. ಒಂದೂರಿನ ಭಜನೆ ನಿಂತರೂ ಮಗ್ಗುಲೂರಿನಲ್ಲಿ ತಾಳ ನಿಲ್ಲಲಿಲ್ಲ. ಪದಗಳೆಲ್ಲ ಒಬ್ಬನ ಪೆಟ್ಟಿಗೆಯಲ್ಲಿರಲಿಲ್ಲ; ಅದಕ್ಕೇ ಉಳಿದವು.

ಇಂದು ನಮ್ಮ ಮಾತು ಯಾರ ಪೆಟ್ಟಿಗೆಯಲ್ಲಿದೆ?

ಬೆಂಗಳೂರಿನಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿಡವಟ್ಕಾ ಕಟ್ಟಿದ ‘ಕೂ’ ಎಂಬ ಸಾಮಾಜಿಕ ಜಾಲತಾಣ 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣುಬಿಟ್ಟಿತು. ಮರುವರ್ಷ ರೈತ ಹೋರಾಟದ ಖಾತೆಗಳ ವಿಚಾರದಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿಯಾದಾಗ ಮಂತ್ರಿಗಳೂ ಈ ಹಳದಿ ಹಕ್ಕಿಯ ಕಡೆ ಹೊರಳಿದರು. ದೊಡ್ಡ ಕಂಪನಿಗಳೊಂದಿಗಿನ ಮಾತುಕತೆ ಕೈಗೂಡದೆ 2024ರ ಜುಲೈನಲ್ಲಿ ಕೂ ಮುಚ್ಚಿತು. ಕಟ್ಟಿದವರು ನಮ್ಮವರೇ, ನುಡಿ ನಮ್ಮದೇ. ಆದರೆ ಬೀಗದ ಕೈ ಒಂದೇ ಕಡೆ ಇತ್ತು.

ಇನ್ನೊಂದು ದಾರಿಯನ್ನು 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ತೆರೆದಿದ್ದರು: ಮಸ್ಟೊಡಾನ್. 2019ರಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಅನೇಕ ಭಾರತೀಯರು ಅಲ್ಲಿಗೆ ಹೋದರು. ಅಲ್ಲಿ ಒಡೆಯ ಒಬ್ಬನಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು ‘ಆಕ್ಟಿವಿಟಿಪಬ್’ ಎಂಬ ಒಂದೇ ನಿಯಮದಡಿ ಮಾತಾಡಿಕೊಳ್ಳುತ್ತವೆ. ಬಿಎಸ್‌ಎನ್‌ಎಲ್ ಸಿಮ್‌ನಿಂದ ಜಿಯೊ ಸಿಮ್‌ಗೆ ಕರೆ ಹೋಗುವುದಿಲ್ಲವೇ, ಹಾಗೆ. ಸರ್ವರ್ ಸರಿಬೀಳದಿದ್ದರೆ ನೀವು ಅನುಸರಿಸುವವರ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಬೇರೆ ಕಡೆ ಏರಿಸಬಹುದು. ನಿಮ್ಮನ್ನು ಅನುಸರಿಸುವವರನ್ನೂ ಹೊಸ ಖಾತೆಗೆ ಕರೆದೊಯ್ಯಬಹುದು.

ತೊಡಕುಗಳೂ ಇವೆ. ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಸರ್ವರ್ ನಡೆಸಲು ದುಡ್ಡು ಬೇಕು, ದುಡಿಯುವ ಕೈ ಬೇಕು; ಸಣ್ಣ ಸರ್ವರ್‌ಗಳೂ ಮುಚ್ಚುತ್ತವೆ. ಆದರೆ ಮಸ್ಟೊಡಾನ್ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರ್‌ಗಳಿಂದ, ಮುಚ್ಚುವ 3 ತಿಂಗಳು ಮೊದಲೇ ತಿಳಿಸುವ ಮಾತು ಪಡೆಯುತ್ತದೆ. ಒಂದು ಸರ್ವರ್ ಮುಚ್ಚಿದರೂ ಜಾಲ ಉಳಿಯುತ್ತದೆ.

ಕನ್ನಡಕ್ಕೆ ಬೇಕಾದದ್ದು ಮತ್ತೊಂದು ಹಕ್ಕಿಯಲ್ಲ, ಹಲವು ಗೂಡುಗಳು. ಜನರ ಬಾಯಲ್ಲಿ ಉಳಿದದ್ದನ್ನು ಕಾಯಲೆಂದೇ ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿಯೇ ಕನ್ನಡದ ಒಂದು ಸರ್ವರ್ ಏಕೆ ಶುರುವಾಗಬಾರದು? ಓದುಗರೂ ಒಂದು ಕೆಲಸ ಮಾಡಲಿ. ಇಂದೇ ನಿಮ್ಮ ಖಾತೆಯ ಸೆಟ್ಟಿಂಗ್ಸ್ ತೆರೆದು, ಇಷ್ಟು ವರ್ಷ ಬರೆದದ್ದರ ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಬಾಗಿಲು ಮುಚ್ಚಿದ ಮೇಲೆ ಕೇಳಿದರೆ ಸಿಗುವುದಿಲ್ಲ.